ಬಿಗಿದರೆ ಕೆಡುವ ಕೊಳವೆ

ಹಳದೀಪುರದಲ್ಲಿ ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ನನ್ನದೊಂದು ಹಳೆಯ ವೈರ್‌ಕಟ್ ಯಂತ್ರವಿತ್ತು. ಬೆಳಗಾವಿಯ ಕಾರ್ಖಾನೆಯವರು ಮೂಲೆಗೆ ತಳ್ಳಿದ್ದನ್ನು, ಬೇಡವೆಂದು ಎದ್ದು ಹೊರಟಂತೆ ಮಾಡಿ, ಬಾಗಿಲ ತನಕ ಹೋಗಿ, ಚೌಕಾಸಿ ಮಾಡಿ ತಂದದ್ದು. ಹಳೆ ಯಂತ್ರ ಕೊಳ್ಳುವವರಿಗೆ ಈಗಲೂ ಹೇಳುತ್ತೇನೆ: ಬಣ್ಣ ನೋಡಬೇಡಿ, ನಿಮ್ಮದೇ ತುಂಡೊಂದನ್ನು ಕೊಯ್ಯಿಸಿ ನೋಡಿ. ಕೂದಲಿನಂಥ ಹಿತ್ತಾಳೆ ತಂತಿ, ಸುತ್ತ ನೀರು, ತಂತಿಗೂ ಲೋಹಕ್ಕೂ ನಡುವೆ ಕಿಡಿ. ಕೊಯ್ಯುವುದು ಆ ಕಿಡಿಯೇ. ತಂತಿ ಲೋಹವನ್ನು ಮುಟ್ಟುವುದೂ ಇಲ್ಲ, ದೂಡುವುದೂ ಇಲ್ಲ.

ಇದನ್ನು ನಮ್ಮ ಮೇಸ್ತ್ರಿಗೆ ಎಷ್ಟು ಸಲ ಹೇಳಿದ್ದೆನೋ. ಯಂತ್ರ ಓಡಿಸಲು ಬರುವ ಮೊದಲು ಆತ ಬೋಟುಗಳ ಇಂಜಿನ್ ರಿಪೇರಿ ಮಾಡಿಕೊಂಡಿದ್ದವನು. ನಡುಗಡಲಲ್ಲಿ ನಟ್ಟು ಸಡಿಲಾದರೆ ಜೀವಕ್ಕೇ ಬರುತ್ತದೆ. ಹಾಗಾಗಿ ಏನನ್ನೇ ಹಿಡಿಯಲಿ, ರಟ್ಟೆ ನೋಯುವಷ್ಟು ಬಿಗಿದು, ಮೇಲೊಂದು ಎಳೆತ ಎಳೆದರೇ ಆತನಿಗೆ ಸಮಾಧಾನ.

ಆ ವರ್ಷ ಮಳೆಗಾಲದ ಮೀನುಗಾರಿಕೆ ಬಂದ್ ಮುಗಿಯುವ ಹೊತ್ತಿಗೆ ಹೊನ್ನಾವರದ ಕಡೆಯಿಂದ ಅಕ್ಕ ಒಬ್ಬಳು ಬಂದಳು. ಸ್ವಂತ ಬೋಟು, ಬಂದರಿನಲ್ಲಿ ಮೀನಿನ ವ್ಯಾಪಾರ. ಮಾತಿನಲ್ಲಿ ನನ್ನನ್ನೂ ಮೀರಿಸುವವಳು. ಇಂಜಿನ್ನಿಗೆ ನೀರೆಳೆಯುವ ಪಂಪಿನ ಶಾಫ್ಟ್, ನೀರು ಸೋರದಂತೆ ತಡೆಯುವ ಸೀಲು ಕೂರುವ ಜಾಗದಲ್ಲಿ ಸವೆದಿತ್ತು. ಹೊಸದು ಮುಂಬೈಯಿಂದ ಬರಬೇಕು. ಸವೆದ ಜಾಗದ ಮೇಲೆ ಸ್ಟೀಲಿನ ತೆಳ್ಳಗಿನ ಬಳೆಯೊಂದನ್ನು ಏರಿಸಿದರೆ ಕೆಲಸ ನಡೆಯುತ್ತದೆ. ಅದಕ್ಕೆ ಸರಿಹೊಂದುವ ಕೊಳವೆಯ ತುಂಡನ್ನು ಭಟ್ಕಳದ ಗುಜರಿಯಿಂದ ಅವಳೇ ಹುಡುಕಿ ತಂದಿದ್ದಳು.

"ಸೋಮವಾರ ಬೋಟೆಲ್ಲಾ ಹೊರಡ್ತು ತಮ್ಮಾ. ನನ್ನದು ಬಂದರು ದಕ್ಕೆಲೇ ನಿಂತ್ರೆ ನನ್ನ ಕಲಾಸಿಗಳು ಬೇರೆ ಬೋಟು ಹತ್ತತ್ರು. ಆಮೇಲೆ ವರ್ಷಪೂರ್ತಿ ಯಾರನ್ನ ಹುಡುಕ್ಲಿ?"

"ಬುಧವಾರ ಕೊಡ್ತೆ ಅಕ್ಕಾ," ಎಂದೆ. ಗಡುವನ್ನು ಯಾವಾಗಲೂ ಎರಡು ದಿನ ಮುಂದಿಟ್ಟೇ ಹೇಳುವುದು ನನ್ನ ಪದ್ಧತಿ.

"ಬುಧವಾರ ನಿನ್ನ ಬಳೆ ನಾ ಕೈಗೆ ಹಾಕ್ಕಂಬುದಾ? ಶನಿವಾರ ಬತ್ತೆ."

ಶನಿವಾರ ಅವಳು ಬಂದಾಗ ಮೇಸ್ತ್ರಿ ಮೊದಲ ಬಳೆಯನ್ನು ವೈಸಿನ ದವಡೆಯಿಂದ ಬಿಡಿಸುತ್ತಿದ್ದ. ಹಿಡಿತದಲ್ಲಿದ್ದಾಗ ಗುಂಡಗೇ ಕಂಡಿತ್ತು. ಬಿಡಿಸಿ ನೋಡಿದರೆ ಕೋಳಿಮೊಟ್ಟೆಯ ಆಕಾರ. ಮೇಜಿನ ಗಾಜಿನ ಮೇಲೆ ಉರುಳಿಸಿದರೆ ಕುಂಟಿಕೊಂಡು ಹೋಗಿ ಮಗುಚಿತು. ಉಳಿದ ಕೊಳವೆಯಲ್ಲಿ ಇನ್ನೊಂದೇ ಬಳೆ ಆಗುತ್ತಿತ್ತು.

"ಎಂತ ಆತು ಮೇಸ್ತ್ರಿ?" ಎಂದಳು ಅಕ್ಕ.

"ಸ್ವಲ್ಪ ಬಿಗಿ ಸಾಕಾಗ್ಲಿಲ್ಲೆ ಕಾಣ್ತು."

ನಾನು ತಲೆ ಚಚ್ಚಿಕೊಂಡೆ. "ಹೆಚ್ಚಾದ್ದಕ್ಕೇ ಹೀಗಾದ್ದು ಮಾರಾಯಾ! ದೂಡುವವರೇ ಇಲ್ಲದ ಕಡೆ ಬಿಗಿಯೂದು ಎಂತಕ್ಕೆ?"

ಅವಳು ತಲೆಯ ಮೇಲಿನ ಸಿಂಬೆ ತೆಗೆದು ಅವನ ಮುಂದೆ ಹಿಡಿದಳು. "ಮೂವತ್ತು ವರ್ಷ ಇದ್ರ ಮೇಲೆ ಮೀನಿನ ಬುಟ್ಟಿ ಹೊತ್ತಿದ್ದೆ. ಒಂದು ದಿನವಾದ್ರೂ ತಲೆಗೆ ಬೋಲ್ಟ್ ಹಾಕ್ಸಿದ್ನಾ?"

ಮೇಸ್ತ್ರಿ ನಕ್ಕ. ನನ್ನ ವರ್ಷಗಳ ಉಪದೇಶ ಹೋಗದ ಕಡೆಗೆ ಆ ಮಾತು ಹೋಗಿ ಕೂತಿತು. ಬೋಲ್ಟು ಬಿಗಿಯುವ ಪಾನ ಅವನ ಕೈಯಿಂದ ಕೆಳಗಿಳಿಯಿತು.

ಹಾಗೆಂದು ಸಡಿಲ ಬಿಟ್ಟರೂ ಆಗುವುದಿಲ್ಲ. ಕೊಯ್ತ ಮುಗಿಯುವ ಗಳಿಗೆಯಲ್ಲಿ ಬಳೆ ವಾಲಿ ತಂತಿಗೆ ತಾಗಿದರೆ ತಂತಿಯೂ ಹೋಯಿತು, ಬಳೆಯ ಅಂಚೂ ಹೋಯಿತು. ಮೊದಲು ಕೊಳವೆಯ ಒಳಗೆ ಏನಾದರೂ ತುಂಬಬೇಕು. "ಮರದ ಗೂಟ ಹೊಡೀಲಾ?" ಎಂದ ಮೇಸ್ತ್ರಿ, ಬೋಟಿನ ಬುದ್ಧಿ. ಮರದಲ್ಲಿ ಕರೆಂಟು ಹರಿಯದು, ಕಿಡಿ ಹುಟ್ಟದು, ತಂತಿ ಅಲ್ಲೇ ತುಂಡಾಗುತ್ತದೆ. ಅಲ್ಯೂಮಿನಿಯಂ ದಿಂಡೊಂದನ್ನು ಲೇತಿನಲ್ಲಿ ತಿರುಗಿಸಿ, ಹೆಬ್ಬೆರಳಲ್ಲಿ ಒತ್ತಿದರೆ ಜಾರಿ ಕೂರುವಷ್ಟು ಅಳತೆಗೆ ತಂದೆವು. ಒಳಗೆ ದಿಂಡಿದ್ದರೆ ಹೊರಗಿನ ಹಿಡಿತಕ್ಕೆ ಕೊಳವೆ ಚಪ್ಪಟೆಯಾಗುವುದಿಲ್ಲ. ಆಮೇಲೆ ಇಂಗ್ಲಿಷಿನ ವಿ ಅಕ್ಷರದಂಥ ತೋಡು ಇರುವ ಎರಡು ಕಬ್ಬಿಣದ ಕಟ್ಟೆಗಳನ್ನು ನಡುವೆ ತಂತಿಗಷ್ಟೇ ಸಂದು ಬಿಟ್ಟು ಇಟ್ಟೆವು. ಕೊಳವೆ ಒಂದರ ಮೇಲೆ, ಬಳೆಯಾಗುವ ತುದಿ ಇನ್ನೊಂದರ ಮೇಲೆ. ಎರಡನ್ನೂ ಮೇಲಿನಿಂದ ಹಿಡಿಯಲು ತಾಮ್ರದ ಪಟ್ಟಿ. ಪಟ್ಟಿಯ ತಿರುಪನ್ನು ಬೆರಳಲ್ಲಿ ತಿರುಗಿಸಿದ್ದಷ್ಟೇ. ತೆಳು ಕೊಳವೆ ಹಿಡಿಯುವವರು ಇಷ್ಟು ನೆನಪಿಟ್ಟರೆ ಸಾಕು: ಒಳಗೆ ತುಂಬಿ, ಎರಡೂ ಕಡೆ ಕೂರಿಸಿ, ಪಾನವನ್ನು ದೂರ ಇಡಿ.

ದಿಂಡನ್ನೂ ಸೇರಿಸಿ ಕೊಯ್ಯಬೇಕಾದ್ದರಿಂದ ಕೆಲಸ ನಿಧಾನವಾಯಿತು. ಅಕ್ಕ ಸ್ಟೂಲಿನಲ್ಲಿ ಕೂತು ಎಲೆ ಹಾಕಿಕೊಳ್ಳುತ್ತ ನೀರಿನೊಳಗಿನ ನೀಲಿ ಕಿಡಿಯನ್ನೇ ನೋಡುತ್ತಿದ್ದಳು. ಕರೆಂಟು ಹೋಗದಿದ್ದದ್ದು ನಮ್ಮ ಪುಣ್ಯ. ತಂತಿ ಆಚೆ ಬಂದಾಗ ಬಳೆ ತನ್ನ ಕಟ್ಟೆಯ ಮೇಲೆ ಅಲುಗದೆ ಕೂತಿತ್ತು. ಮೇಸ್ತ್ರಿ ಹೆಬ್ಬೆರಳಲ್ಲಿ ದಿಂಡಿನ ತುಂಡನ್ನು ದೂಡಿ, ಬಳೆಯನ್ನು ಗಾಜಿನ ಮೇಲೆ ಉರುಳಿಸಿದ. ಅದು ನೆಟ್ಟಗೆ ಹೋಗಿ ಅಂಚಿನಿಂದ ಜಾರಿತು. ಅಕ್ಕ ಸೆರಗಿನಲ್ಲಿ ಹಿಡಿದಳು.

"ಆತು. ಈಗ ಇದನ್ನ ಕೂರ್ಸೂಕೆ ಮೇಸ್ತ್ರಿನೂ ಬೇಕು," ಎಂದಳು. ಅವನ ಆ ದಿನದ ಕೂಲಿ ನನ್ನ ಲೆಕ್ಕಕ್ಕೇ ಎಂದು ನನಗೆ ಹೊಳೆಯುವಷ್ಟರಲ್ಲಿ ಇಬ್ಬರೂ ಹೊನ್ನಾವರದ ಬಸ್ಸಿಗೆ ಕೈ ಅಡ್ಡ ಹಿಡಿದಾಗಿತ್ತು. ಬಸ್ಸು ಹತ್ತುತ್ತ ಅವಳು ಅವನಿಗೆ ಹೇಳಿದ್ದು ನನಗೂ ಕೇಳಿಸಿತು:

"ಮೇಸ್ತ್ರೀ, ಬೋಟಲ್ಲಿ ಮಾತ್ರ ಗಟ್ಟಿ ಬಿಗಿಯೋ, ಹಾಂ!"

ಸೋಮವಾರ ಮಧ್ಯಾಹ್ನ ಪಕ್ಕದ ಫೋನ್ ಬೂತಿನವನು ನನ್ನನ್ನು ಕೂಗಿ ಕರೆದ. ಅವಳದೇ ದನಿ. ಬೋಟು ಎಲ್ಲರ ಜೊತೆಯಲ್ಲೇ ಅಳಿವೆ ದಾಟಿತ್ತು, ಕಲಾಸಿಗಳೆಲ್ಲ ಅದರಲ್ಲೇ ಇದ್ದರು.

"ಪಂಪು?" ಎಂದೆ.

"ಹೊರಡೂಕೆ ಮೊದ್ಲೇ ಓಡ್ಸಿ ನೋಡ್ದೆ. ಒಂದು ತೊಟ್ಟೂ ಸೋರ್ಲಿಲ್ಲ ತಮ್ಮಾ."