ಹಲ್ಲಿನ ಮೇಲೆ ಬೆಳೆದ ಹವಳ

ಅಕ್ವೇರಿಯಂ ಸಾಮಾನಿನ ವ್ಯಾಪಾರಿ ನಾನು. ಮನೆಯಲ್ಲೇ ಹವಳ ಬೆಳೆಸುತ್ತೇನೆಂದು ಎಂಥೆಂಥವರೋ ಬಂದು ಸಮುದ್ರದ ಉಪ್ಪು ಕೊಂಡೊಯ್ಯುತ್ತಾರೆ. ಉತ್ಸಾಹ ಇಳಿದ ಮೇಲೆ ಅದೇ ಗಾಜಿನ ತೊಟ್ಟಿಯಲ್ಲಿ ಹಳೇ ಚಪ್ಪಲಿ ಇಡುತ್ತಾರೆ. ಹಿಡಿದ ಪಟ್ಟು ಬಿಡದವನು ಹಲ್ಲಣ್ಣ ಒಬ್ಬನೇ.

ದಂತವೈದ್ಯರು ಅಚ್ಚು ಕಳಿಸಿದರೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಹವಳದ ತುಂಡನ್ನು ಎಲ್ಲರೂ ಕಲ್ಲಿನ ಬಿಲ್ಲೆಗೆ ಅಂಟಿಸಿ ಬೆಳೆಸುತ್ತಾರೆ. ಇವನು ನನ್ನ ಹತ್ತಿರ ಒಂದು ಬಿಲ್ಲೆಯನ್ನೂ ಕೊಳ್ಳಲಿಲ್ಲ. ಬಾಯಿಗೆ ಕೂರದೆ ವಾಪಸಾದ ಸೆಟ್ಟು, ತೊಟ್ಟುಕೊಳ್ಳುವ ಮೊದಲೇ ತೀರಿಕೊಂಡವರ ಸೆಟ್ಟು, ಅವುಗಳ ಮೇಲೆಯೇ ಹವಳ ಕೂರಿಸಿದ.

"ಬಾಯಲ್ಲಿ ಬಾಳಿಕೆ ಬರೋದು ನೀರಲ್ಲಿ ಬರಲ್ವೇನಯ್ಯಾ?" ಅಂದ.

"ಬರುತ್ತೆ. ನನ್ನ ವ್ಯಾಪಾರಕ್ಕೆ ತಾನೇ ಕಲ್ಲು ಬೀಳೋದು," ಅಂದೆ.

ಅವನ ಮನೆಯಲ್ಲಿ ತೊಟ್ಟಿ ಇಟ್ಟಿದ್ದ ಕೋಣೆಗೆ ಹಗಲಲ್ಲೂ ಪರದೆ. ನೀಲಿ ದೀಪದಡಿ ಸಾಲು ಸಾಲು ದವಡೆಗಳು, ಒಂದೊಂದರ ಮೇಲೂ ಹಸಿರೋ ನೇರಳೆಯೋ ಕೊಂಬೆ. ಪಂಪಿನ ಅಲೆ ಬಂದಾಗ ಹವಳದ ಎಳೆಗಳು ಅಲುಗಾಡಿ, ಎಲ್ಲವೂ ಒಟ್ಟಿಗೆ ಮೆಲ್ಲುತ್ತಿರುವಂತೆ ಕಾಣುತ್ತಿತ್ತು. "ಇವರು ಪೋಸ್ಟ್‌ಮಾಸ್ಟರು. ಇವರು ಕಂಡಕ್ಟರ್ ತಾಯಿ," ಎಂದು ಪರಿಚಯಿಸುತ್ತಾ ಹೋದ. ಬಾಯಿ ತಪ್ಪಿ ನಾನೂ ನಮಸ್ಕಾರ ಅಂದುಬಿಟ್ಟೆ.

ನಡುವಿನದು ಅವನ ಹೆಂಡತಿಯದು. ಕಾಯಿಲೆಯಲ್ಲಿ ಹಲ್ಲೆಲ್ಲ ಉದುರಿದ್ದಕ್ಕೆ ಮಾಡಿಕೊಟ್ಟಿದ್ದನಂತೆ. ಅದನ್ನು ತೊಡುವಷ್ಟು ಆಯಸ್ಸು ಆಕೆಗಿರಲಿಲ್ಲ. ಮೇಲಿನ ದವಡೆಯನ್ನೂ ಕೆಳಗಿನದನ್ನೂ ಕಚ್ಚಿಸಿ ಅಂಟಿಸಿದ್ದ. ಅದರ ಮೇಲಿನ ಕೊಂಬೆಹವಳದಂಥದ್ದು ನನ್ನ ಅಂಗಡಿಯಲ್ಲೂ ಇರಲಿಲ್ಲ. ವ್ಯಾಪಾರಿ ಬುದ್ಧಿ, ಒಂದು ಕೊಂಬೆ ಕೇಳಿದೆ. "ಅವಳನ್ನ ಕಡಿದು ಕೊಡ್ಲಾ?" ಅಂದ.

ಮೊನ್ನೆ ಅವನ ಮಗಳ ಫೋನು. "ಮಾಮಾ, ಅಮ್ಮನ ಹವಳದ ಚರ್ಮ ಸುಲಿದು ಬರ್ತಾ ಇದೆ. ಅಪ್ಪ ಊಟಾನೂ ಬಿಟ್ಟು ಅದರ ಮುಂದೆ ಕೂತಿದಾರೆ. ಸ್ವಲ್ಪ ಬನ್ನಿ."

ಹೋಗಿ ನೋಡಿದರೆ ಬುಡದಲ್ಲಿ ಚರ್ಮ ಎದ್ದು ಬಿಳಿ ಮೂಳೆ ಕಾಣುತ್ತಿತ್ತು.

"ಏನ್ ಮಾಡ್ದೆ?"

"ಹವಳ ಇಳಿದು ಮುಂದಿನ ಹಲ್ಲು ಮುಚ್ಚೋಕೆ ಬಂದಿತ್ತು. ನಗು ಕಾಣ್ತಿರ್ಲಿಲ್ಲ. ಮಿಷನ್ನಲ್ಲಿ ಒಂಚೂರು ಉಜ್ಜಿದೆ." ಸೆಟ್ಟಿನಲ್ಲಿ ಒಸಡು ಹಲ್ಲಿನ ಮೇಲೆ ಬಂದರೆ ಉಜ್ಜಿ ತೆಗೆಯುವುದು ಅವನ ಕೈಗೆ ಹತ್ತಿದ ಅಭ್ಯಾಸ. ಇಲ್ಲಿ ಒಸಡಿಗೆ ಜೀವವಿತ್ತು.

"ಇದು ಬುಡದಿಂದ ಮೇಲಕ್ಕೆ ಹತ್ತೋ ರೋಗ. ಈಗಲೇ ತುದಿ ಕಡಿದು ಬೇರೆ ಕಡೆ ಅಂಟಿಸು, ಉಳಿಯುತ್ತೆ. ಬುಡ ಬಿಸಾಕು."

"ಬುಡವೇ ಅವಳು ಕಣಯ್ಯಾ."

"ಅಮ್ಮ ಆ ಸೆಟ್ಟನ್ನ ಒಂದ್ಸಲನಾದ್ರೂ ಹಾಕ್ಕೊಂಡಿದ್ರಾ ಅಪ್ಪಾ?" ಮಗಳು ರೇಗಿದಳು. "ಅದು ನೀವು ಮಾಡಿದ ನಗು. ಅದರ ಮೇಲೆ ತಾನಾಗಿ ಬೆಳೆದಿದ್ದು ಮಾತ್ರ ನೀವು ಮಾಡಿದ್ದಲ್ಲ. ಅದನ್ನೂ ಕೊಂದ್ಬಿಡಿ."

ಅವನು ಸೆಟ್ಟನ್ನು ತೊಟ್ಟಿಯಿಂದ ಎತ್ತಿ ತಟ್ಟೆಯ ನೀರಿಗಿಟ್ಟ. ಆಗ ಮೂವರೂ ನೋಡಿದೆವು. ಕಚ್ಚಿಸಿ ಅಂಟಿಸಿದ್ದ ಬಾಯಿ ಹೆಬ್ಬೆರಳು ತೂರುವಷ್ಟು ತೆರೆದಿತ್ತು.

"ಅಂಟು ಬಿಟ್ಟಿರ್ಬೇಕು," ಅಂದೆ. ಅಂಟು ಬಿಟ್ಟಿರಲಿಲ್ಲ. ಮೇಲಿಂದ ಕೆಳಗಿನವರೆಗೆ ಎಳೆಎಳೆಯಾಗಿ ಜಗ್ಗಿಕೊಂಡಿತ್ತು. ಒಣಗಿದ ಮೇಲೆ ಆ ಅಂಟು ಮುರಿದೀತೇ ಹೊರತು ಜಗ್ಗುವುದಿಲ್ಲ; ಮಾರಿದವನು ನಾನೇ.

ಹಲ್ಲಣ್ಣ ಬಗ್ಗಿ ಆ ಬಾಯಿಯ ಹತ್ತಿರ ಕಿವಿ ಇಟ್ಟ. ಪಂಪಿನ ಸದ್ದು ಬಿಟ್ಟು ನನಗೇನೂ ಕೇಳಲಿಲ್ಲ. ಅವನಿಗೇನು ಕೇಳಿಸಿತೋ, "ಹೂಂ, ಹೂಂ" ಎಂದು ತಲೆಯಾಡಿಸಿದ. ಮನೆಯಲ್ಲಿ ಬೈಸಿಕೊಳ್ಳುವ ಗಂಡಂದಿರೆಲ್ಲ ಹಾಗೇ ತಲೆಯಾಡಿಸುವುದು. ಆಮೇಲೆ ಕಟಿಂಗ್ ಚಕ್ರ ಎತ್ತಿಕೊಂಡು ಹವಳದ ತುದಿಗಳನ್ನೆಲ್ಲ ಕಡಿದ.

ನಾನು ಬಿಟ್ಟಿಯಾಗೇ ಕೊಡೋಣವೆಂದು ಕಲ್ಲಿನ ಬಿಲ್ಲೆ ತಂದಿದ್ದೆ. ಅವನು ಬೇಡವೆಂದು ಕೈಯಲ್ಲಾಡಿಸಿ ಗೋಡೆಯ ಕಡೆ ತಿರುಗಿದ. ಮತ್ತೆ ಇತ್ತ ತಿರುಗಿದಾಗ ಕೆನ್ನೆ ಗುಳಿ ಬಿದ್ದಿತ್ತು. ಅಂಗೈಯಲ್ಲಿ ಅವನದೇ ಹಲ್ಲಿನ ಸೆಟ್ಟು.

"ಅಪ್ಪಾ! ಊಟ ಹೇಗೆ ಮಾಡ್ತೀರಿ?"

"ಹಲ್ಲು ಮಾಡೋನಿಗೆ ಹಲ್ಲಿಗೆ ಬರವೇನಮ್ಮಾ?" ಬೊಚ್ಚುಬಾಯಿಯಲ್ಲಿ ತೊದಲಿದ. ಸೆಟ್ಟು ತೊಳೆದ, ತುದಿಗಳನ್ನು ಅದರ ಮೇಲೆ ಅಂಟಿಸಿದ, ತೊಟ್ಟಿಯ ನಡುವೆ ಇಳಿಸಿದ.

ಕಡಿದ ಹವಳ ದಿನಗಟ್ಟಲೆ ಮುದುಡಿಕೊಂಡಿರುತ್ತದೆ. ಇದು ಅವನು ನೀರಿನಿಂದ ಕೈ ತೆಗೆಯುವ ಮೊದಲೇ ಅರಳಿ, ಅವನ ಬೆರಳು ಹಿಡಿದುಕೊಂಡಿತು.