ಆನೆಕಾಲಿನ ಟಯರು

ಬಾಳೆಗುಳಿಯ ನನ್ನ ಗ್ಯಾರೇಜಿಗೆ ಭಾವಿಕೇರಿಯ ಕಂತ್ರಾಟುದಾರನೊಬ್ಬ ಪಿಕಪ್ ತಂದ. ಸೊಂಟಕ್ಕೆ ಮೊಬೈಲ್ ಚೀಲ, ಗಾಡಿಗೆ ಗೋವಾದಿಂದ ತಂದ ಆನೆಕಾಲಿನಂಥ ಟಯರು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟಯರು ಮಡ್‌ಗಾರ್ಡಿಗೆ ಉಜ್ಜಿ ಕರಕರ ಎನ್ನುತ್ತಿತ್ತು.

“ಯಾರದ್ದೋ ಕಣ್ಣು ಬಿದ್ದದೆ ಮಾರಾಯ,” ಎಂದ. ಬಂಪರಿಗೆ ಆಗಲೇ ನಿಂಬೆಹಣ್ಣಿನ ಮಾಲೆ ಕಟ್ಟಿದ್ದ.

“ಹಳೇ ಚಕ್ರ ಹಾಕುವ, ಇಲ್ಲಾ ಮಡ್‌ಗಾರ್ಡ್ ಕತ್ತರಿಸುವ,” ಎಂದೆ.

ಚಕ್ರ ತೆಗೆದರೆ ಮರ್ಯಾದೆ ಹೋಗುತ್ತದಂತೆ, ಕತ್ತರಿಸಿದರೆ ಚಂದ ಹೋಗುತ್ತದಂತೆ. ಕೊನೆಗೆ ಸ್ಟೇರಿಂಗ್ ಪೂರ್ತಿ ತಿರುಗದ ಹಾಗೆ ಬೋಲ್ಟ್ ಹೊಂದಿಸಿದೆ. “ಸದ್ದು ನಿಲ್ತದೆ, ಆದ್ರೆ ಸಣ್ಣ ಜಾಗದಲ್ಲಿ ಗಾಡಿ ತಿರುಗೂದಿಲ್ಲ,” ಎಂದದ್ದರಲ್ಲಿ ಅವನ ಕಿವಿಗೆ ಹೋದದ್ದು ಮೊದಲರ್ಧ ಮಾತ್ರ.

ಮರುದಿನ ಸಿಟ್ಟಿನಿಂದ ಫೋನು ಮಾಡಿ ನನ್ನನ್ನು ಮನೆಗೆ ಕರೆಸಿದ. ದಿನಾ ಅಂಗಳದ ತುಳಸಿಕಟ್ಟೆಗೆ ಸುತ್ತು ಹಾಕಿ ಹೊರಬೀಳುತ್ತಿದ್ದ ಗಾಡಿ ಕಟ್ಟೆಗೇ ಮೂತಿ ಒತ್ತಿ ನಿಂತಿತ್ತು. ಕಟ್ಟೆ ಕಿತ್ತು ಪಕ್ಕಕ್ಕೆ ಕಟ್ಟಿಸುತ್ತೇನೆ ಎಂದು ಹಾರಾಡುತ್ತಿದ್ದ. ಹೆಂಡತಿ ತಂಬಿಗೆ ಹಿಡಿದು ಅಡ್ಡ ನಿಂತಿದ್ದಳು.

“ತುಳಸಿ ಇಲ್ಲೇ ಇರ್ತದೆ. ನಿಮ್ಮ ಆನೆ ರಸ್ತೆ ಮೇಲೆ ಇರ್ಲಿ.”

ಈಗ ಪಿಕಪ್ ರಸ್ತೆ ಬದಿಯಲ್ಲೇ ನಿಲ್ಲುತ್ತದೆ. ಅಷ್ಟು ದೊಡ್ಡ ಟಯರು ಊರ ನಾಯಿಗಳಿಗೂ ಬಹಳ ಹಿಡಿಸಿದೆ. ಬೆಳಿಗ್ಗೆ ಹೆಂಡತಿ ತುಳಸಿಗೆ ನೀರು ಹೊಯ್ಯುವ ಹೊತ್ತಿಗೆ, ಗಂಡ ಬಕೆಟ್ ಹಿಡಿದು ರಸ್ತೆಯಲ್ಲಿ ತನ್ನ ಮರ್ಯಾದೆ ತೊಳೆಯುತ್ತಿರುತ್ತಾನೆ.