ಬ್ರೋಷರಿನಲ್ಲಿದ್ದ ಫೋಟೊ

ನಮ್ಮ ಕಾಲೇಜಿನ ಹೊಸ ಆನ್‌ಲೈನ್ ಎಂ.ಕಾಂ.ಗೆ ಎರಡು ರಜೆ ಹಾಳುಮಾಡಿಕೊಂಡು ಪಠ್ಯಕ್ರಮ ಬರೆದವನು ನಾನು. ಅದರ ಮುಖ್ಯಸ್ಥೆಯಾದದ್ದು ಮಾತ್ರ ಸಹೋದ್ಯೋಗಿ ಶೈಲಜಾ. ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣುತ್ತಾರಂತೆ! ಬ್ರೋಷರಿನ ತುಂಬ ಅವರದೇ ನಗು. ಅದನ್ನು ಬಣಕಲ್‌ನಲ್ಲಿ ಹಂಚಿ ಬರಲು ಕಳಿಸಿದ್ದು ನನ್ನನ್ನು.

ಅಲ್ಲಿನ ಹೋಟೆಲಿನಲ್ಲಿ ಸಿಕ್ಕವರು ರಫೀಕ್, ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್. ಬ್ರೋಷರ್ ನೋಡಿದವರೇ ಅರ್ಜಿ ತುಂಬಲು ಕೂತರು.

"ಈ ಮೇಡಂ ಭಾರಿ ಬುದ್ಧಿವಂತರು ಅನ್ಸುತ್ತೆ, ಅಲ್ವಾ ಸಾರ್? ಇದನ್ನೆಲ್ಲ ಅವ್ರೇ ಮಾಡಿದ್ದಾ?"

ನನಗೆ ಹೊಟ್ಟೆ ಉರಿದುಹೋಯಿತು. "ಕೋರ್ಸಿಗೆ ಇನ್ನೂ ಮಂಜೂರಾತಿಯೇ ಬಂದಿಲ್ಲ" ಎಂದುಬಿಟ್ಟೆ. ಈ ವಿಷಯ ಬಾಯಿಬಿಡಬಾರದೆಂದು ಪ್ರಿನ್ಸಿಪಾಲರು ನಮಗೆಲ್ಲ ತಾಕೀತು ಮಾಡಿದ್ದರು.

ರಫೀಕ್ ಪೆನ್ನು ಜೇಬಿಗಿಟ್ಟರು. "ಆಳು ತೋಟಕ್ಕೆ ಬರೋ ಮುಂಚೆ ನಾನು ಹಾಜರಿ ಬರೆಯಲ್ಲ ಸಾರ್. ನಿಮ್ಮ ಕಾಲೇಜಲ್ಲಿ ಬರೀತಾರಾ? ನೀವೊಬ್ರು ಪ್ರಾಮಾಣಿಕರು, ಹೇಳಿದ್ರಿ" ಎಂದು ನನಗೆ ಒಂದು ಪ್ಲೇಟ್ ಗೋಳಿಬಜೆ ತರಿಸಿದರು.

ನಾಚಿಕೆಯಿಲ್ಲದೆ ತಿಂದೆ. ಆ ಬ್ರೋಷರಿನಲ್ಲಿ ನನ್ನ ಫೋಟೊ ಇದ್ದಿದ್ದರೆ, ಸಹಿ ಎಲ್ಲಿ ಹಾಕಬೇಕೆಂದು ನಾನೇ ಬೆರಳಿಟ್ಟು ತೋರಿಸುತ್ತಿದ್ದೆ.